ಗ್ಯಾಸ್‌ಲೈಟಿಗೆ ಬೆಳಕು ಕೊಟ್ಟ ಔವರ್

ಮಕ್ಕಳೇ, ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ ನೋಡಿ. ಸುಳ್ಯದ ಹಳ್ಳಿಗಳಿಗೆ ಕರೆಂಟು ಬರುವ ಮೊದಲು ಯಕ್ಷಗಾನದ ರಂಗಸ್ಥಳಕ್ಕೂ ಮದುವೆಯ ಚಪ್ಪರಕ್ಕೂ ಗ್ಯಾಸ್‌ಲೈಟೇ ಬೆಳಕು. ಅದರೊಳಗೆ ನೇತಾಡುವ ಪುಟ್ಟ ಬಿಳಿ ಬಲೆಯೇ ಮ್ಯಾಂಟಲ್. ಅದನ್ನು ಕಂಡುಹಿಡಿದವರು ಆಸ್ಟ್ರಿಯಾ ದೇಶದ ರಸಾಯನ ವಿಜ್ಞಾನಿ ಕಾರ್ಲ್ ಔವರ್.

ಔವರ್ 1858ರ ಸೆಪ್ಟೆಂಬರ್ 1ರಂದು ವಿಯೆನ್ನಾ ನಗರದಲ್ಲಿ ಜನಿಸಿದರು. ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ ಪ್ರಸಿದ್ಧ ವಿಜ್ಞಾನಿ ಬುನ್ಸೆನ್ ಅವರ ಬಳಿ ಕಲಿತರು. 'ವಿರಳ ಭಸ್ಮ ಧಾತುಗಳು' ಎಂಬ ಲೋಹಗಳ ಗುಂಪು ಅವರ ಮನ ಸೆಳೆಯಿತು. ಈ ಲೋಹಗಳು ಒಂದನ್ನೊಂದು ಬಹಳ ಹೋಲುತ್ತವೆ. ಅವನ್ನು ಬೇರ್ಪಡಿಸಲು ತುಂಬಾ ತಾಳ್ಮೆ ಬೇಕು. ಒಂದೇ ಧಾತು ಎಂದು ಭಾವಿಸಲಾಗಿದ್ದ ಡೈಡೈಮಿಯಂ ಅನ್ನು ಔವರ್ 1885ರಲ್ಲಿ ನಿಯೋಡೈಮಿಯಂ, ಪ್ರೇಸಿಯೋಡೈಮಿಯಂ ಎಂಬ ಎರಡು ಧಾತುಗಳಾಗಿ ಬೇರ್ಪಡಿಸಿದರು.

ಇದೇ ಕಾಲದಲ್ಲಿ ಅವರು ಹತ್ತಿಯ ಬಲೆಯನ್ನು ಲೋಹದ ಲವಣಗಳ ದ್ರಾವಣದಲ್ಲಿ ಅದ್ದಿ, ಒಣಗಿಸಿ ಸುಟ್ಟರು. ಹತ್ತಿ ಉರಿದುಹೋಯಿತು. ಲೋಹದ ಆಕ್ಸೈಡ್ ಬಲೆಯ ಆಕಾರದಲ್ಲೇ ಉಳಿಯಿತು. ಅನಿಲದ ಜ್ವಾಲೆಯಲ್ಲಿ ಅದು ಬೆಳಗಿತು. ಆದರೆ ಬೆಳಕು ಹಸಿರು ಛಾಯೆಯದು, ಬಲೆಯೂ ಬೇಗ ಮುರಿಯುತ್ತಿತ್ತು. ಜನ ಮೆಚ್ಚಲಿಲ್ಲ. 1889ರಲ್ಲಿ ಕಾರ್ಖಾನೆ ಮುಚ್ಚಿತು.

ಔವರ್ ಸೋಲೊಪ್ಪಲಿಲ್ಲ. ಈ ಬಾರಿ ಥೋರಿಯಂ ಆಕ್ಸೈಡ್ ಚೆನ್ನಾಗಿ ಬೆಳಗಿತು. ಇನ್ನಷ್ಟು ಶುದ್ಧ ಮಾಡಿದರೆ ಬೆಳಕು ಹೆಚ್ಚಬೇಕಲ್ಲವೇ? ಆದರೆ ಶುದ್ಧ ಮಾಡಿದಷ್ಟೂ ಬೆಳಕು ಕುಂದಿತು! ಕಲ್ಮಶವೆಂದು ತೆಗೆದುಹಾಕಿದ್ದರಲ್ಲೇ ಗುಟ್ಟು ಅಡಗಿತ್ತು. ಅದು ಸೀರಿಯಂ ಎಂಬ ವಿರಳ ಭಸ್ಮ ಧಾತು. 99 ಪಾಲು ಥೋರಿಯಂ ಆಕ್ಸೈಡಿಗೆ ಕೇವಲ 1 ಪಾಲು ಸೀರಿಯಂ ಆಕ್ಸೈಡ್ ಬೆರೆಸಿದಾಗ ಉಜ್ವಲ ಬಿಳಿ ಬೆಳಕು ಬಂತು. 1891ರಲ್ಲಿ ಬಂದ ಈ ಮ್ಯಾಂಟಲ್ ಜಗತ್ತಿನ ಬೀದಿಗಳನ್ನು ಬೆಳಗಿಸಿತು. 1903ರಲ್ಲಿ ಅವರು ಲೈಟರಿನಲ್ಲಿ ಕಿಡಿ ಹಾರಿಸುವ ಕಲ್ಲನ್ನೂ ತಯಾರಿಸಿದರು. ಔವರ್ 1929ರ ಆಗಸ್ಟ್ 4ರಂದು ನಿಧನರಾದರು.

ಲವಣದ ದ್ರಾವಣವನ್ನು ಉರಿಸಿ ಆಕ್ಸೈಡ್ ಪಡೆಯುವ ಉಪಾಯ ನಮ್ಮ ನಾಡಿನಲ್ಲೂ ಹೊಸ ರೂಪ ಪಡೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಿಂಗ್ಸ್ಲೆ ಮತ್ತು ಕೆ.ಸಿ. ಪಾಟೀಲ್ 1988ರಲ್ಲಿ ಒಂದು ಸುಲಭ ವಿಧಾನ ಪ್ರಕಟಿಸಿದರು. ಲೋಹದ ನೈಟ್ರೇಟಿನೊಂದಿಗೆ ಯೂರಿಯಾ ಕರಗಿಸಿ ಸುಮಾರು 500 ಡಿಗ್ರಿ ಸೆಲ್ಸಿಯಸ್ ಕುಲುಮೆಯಲ್ಲಿಟ್ಟರೆ, ಮಿಶ್ರಣ ತಾನೇ ಹೊತ್ತಿಕೊಂಡು ಕೆಲವೇ ನಿಮಿಷಗಳಲ್ಲಿ ನವಿರಾದ ಪುಡಿಯಾಗುತ್ತದೆ. ಹೌದು, ತೋಟಕ್ಕೆ ಹಾಕುವ ಯೂರಿಯಾವೇ! ಹೊಳೆಯುವ ನ್ಯಾನೋ ಪುಡಿಗಳನ್ನೂ ಹೀಗೆ ಮಾಡಬಹುದು. ಯಟ್ರಿಯಂ ಆಕ್ಸೈಡಿಗೆ ತುಸು ಯುರೋಪಿಯಂ ಬೆರೆತಿದ್ದರೆ, ನೇರಳಾತೀತ ಕಿರಣ ತಾಗಿದಾಗ ಪುಡಿ ಕೆಂಪಾಗಿ ಹೊಳೆಯುತ್ತದೆ. ಮ್ಯಾಂಟಲ್ ಬೆಳಗಲು ಬಿಸಿ ಬೇಕು, ಈ ಪುಡಿಗೆ ಬೇಡ. ಎರಡರಲ್ಲೂ ಚಿಟಿಕೆ ಬೆರಕೆಯದೇ ಮಹಿಮೆ.

ಎಚ್ಚರಿಕೆ: ಥೋರಿಯಂ ವಿಕಿರಣ ಸೂಸುವ ಧಾತು. ಅಟ್ಟದಲ್ಲಿ ಹಳೆಯ ಮ್ಯಾಂಟಲ್ ಸಿಕ್ಕರೆ ಮುಟ್ಟಬೇಡಿ, ಹಿರಿಯರಿಗೆ ತಿಳಿಸಿ.