ದಾರಿ ಕಾಣದ ಶಿಷ್ಯನಿಗೆ ಪುಸ್ತಕ ಬರೆದ ವೈದ್ಯ: ಮೂಸಾ ಇಬ್ನ್ ಮೈಮೂನ್

ಈ ವರ್ಷ ಜೀವಶಾಸ್ತ್ರ ತರಗತಿಯಲ್ಲಿ ವಿಕಾಸದ ಪಾಠ ಶುರುವಾದ ದಿನ ನನಗೆ ಒಂದು ಪ್ರಶ್ನೆ ಹುಟ್ಟಿತು. ಆಕಾಶ, ಭೂಮಿಗಳು ಆರು ದಿನಗಳಲ್ಲಿ ಆದವು ಎಂದು ಚಿಕ್ಕಂದಿನಲ್ಲಿ ನಾನಿ ಹೇಳುತ್ತಿದ್ದರು. ಪಠ್ಯಪುಸ್ತಕದಲ್ಲಿ ನೂರಾರು ಕೋಟಿ ವರ್ಷಗಳ ಲೆಕ್ಕ ಇದೆ. ಗೆಳೆಯನೊಬ್ಬನನ್ನು ಕೇಳಿದೆ. ಪರೀಕ್ಷೆಯಲ್ಲಿ ಪುಸ್ತಕದ ಉತ್ತರ ಬರಿ, ಮನೆಯಲ್ಲಿ ನಾನಿಯ ಉತ್ತರ ಹೇಳು, ಅಷ್ಟೇ ಎಂದ. ಅವನಿಗೆ ಅದು ಸುಲಭವಾಗಿತ್ತು, ನನಗೆ ಆಗಲಿಲ್ಲ. ಎರಡೂ ಕಡೆ ಸುಳ್ಳು ಹೇಳುತ್ತಿದ್ದೇನೆ ಎನ್ನಿಸುತ್ತಿತ್ತು.

ಕೊನೆಗೆ ಧೈರ್ಯ ಮಾಡಿ ಸ್ಟಾಫ್ ರೂಮಿಗೆ ಹೋಗಿ ಮೇಡಂ ಅವರನ್ನೇ ಕೇಳಿದೆ. ಅವರು ಬೈಯಲಿಲ್ಲ, ಉತ್ತರವನ್ನೂ ಕೊಡಲಿಲ್ಲ. ಎಂಟು ನೂರು ವರ್ಷಗಳ ಹಿಂದೆ ಕೈರೋದಲ್ಲಿದ್ದ ಒಬ್ಬ ವೈದ್ಯರ ಬಳಿ ಅವರ ಶಿಷ್ಯನೂ ಹೆಚ್ಚುಕಡಿಮೆ ಇದೇ ಗೊಂದಲ ಇಟ್ಟುಕೊಂಡಿದ್ದ, ಮೊದಲು ಅವರ ಬಗ್ಗೆ ಓದಿ ಬಾ ಎಂದರು. ಆ ವೈದ್ಯರೇ ಮೂಸಾ ಇಬ್ನ್ ಮೈಮೂನ್. ಯಹೂದಿಗಳು ಅವರನ್ನು ಮೋಶೆ ಬೆನ್ ಮೈಮೋನ್ ಎನ್ನುತ್ತಾರೆ, ಯುರೋಪಿನವರು ಮೈಮೋನಿಡೀಸ್ ಎಂದು ಕರೆಯುತ್ತಾರೆ. ಓದಿ ತಿಳಿದದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಅವರು ಹುಟ್ಟಿದ್ದು ಸ್ಪೇನಿನ ಕುರ್ತುಬಾ ನಗರದಲ್ಲಿ. ಹಳೆಯ ಪುಸ್ತಕಗಳಲ್ಲಿ 1135 ಎಂದಿದ್ದರೂ ಈಗಿನ ವಿದ್ವಾಂಸರು 1138 ಎನ್ನುತ್ತಾರೆ. ತಂದೆ ಮೈಮೂನ್ ಯಹೂದಿ ಸಮುದಾಯದ ನ್ಯಾಯಾಧೀಶರು. ಪ್ರಸಿದ್ಧ ತತ್ವಜ್ಞಾನಿ ಇಬ್ನ್ ರುಶ್ದ್ 1126ರಲ್ಲಿ ಹುಟ್ಟಿದ್ದೂ ಅದೇ ಊರಿನಲ್ಲಿ. ಮುಸ್ಲಿಮರೂ ಯಹೂದಿಗಳೂ ಕ್ರೈಸ್ತರೂ ಒಂದೇ ಅರಬ್ಬಿ ಭಾಷೆಯಲ್ಲಿ ಗಣಿತ, ವೈದ್ಯ, ತತ್ವಶಾಸ್ತ್ರ ಓದುತ್ತಿದ್ದ ಊರು ಅದು.

ಆದರೆ 1148ರಲ್ಲಿ ಮುವಹ್ಹಿದ್ ಅರಸರು ಕುರ್ತುಬಾವನ್ನು ಗೆದ್ದುಕೊಂಡರು. ಅವರ ಆಳ್ವಿಕೆಯಲ್ಲಿ ಯಹೂದಿಗಳು ಮತ್ತು ಕ್ರೈಸ್ತರು ತಮ್ಮ ಧರ್ಮವನ್ನು ಬಹಿರಂಗವಾಗಿ ಪಾಲಿಸುವಂತಿರಲಿಲ್ಲ. ಧರ್ಮದಲ್ಲಿ ಬಲವಂತ ಕೂಡದು ಎಂಬುದನ್ನು ಕಲಿತ ನಮಗೆ ಇದನ್ನು ಓದುವಾಗ ನೋವಾಗುತ್ತದೆ, ಆದರೂ ನಡೆದದ್ದನ್ನು ನಡೆದಂತೆಯೇ ಹೇಳಬೇಕು. ಹತ್ತು ವರ್ಷದ ಹುಡುಗ ತಂದೆ ಮತ್ತು ತಮ್ಮನೊಂದಿಗೆ ಊರು ಬಿಟ್ಟ. ಹಲವು ವರ್ಷ ಅಲೆದ ಮೇಲೆ ಕುಟುಂಬ ಮೊರಾಕ್ಕೊದ ಫೆಸ್ ನಗರ ಸೇರಿತು. 1165ರಲ್ಲಿ ಹಡಗು ಹತ್ತಿ ಫೆಲೆಸ್ತೀನಿನ ಅಕ್ಕಾ ಬಂದರಿಗೆ ಹೋದರು. ಅಲ್ಲಿಂದ ಈಜಿಪ್ಟಿಗೆ ಬಂದು ಕೈರೋ ಪಕ್ಕದ ಫುಸ್ತಾತ್‌ನಲ್ಲಿ ನೆಲೆಸಿದರು. ಒಂದು ಮುಸ್ಲಿಂ ರಾಜ್ಯ ಹೊರಗೆ ಹಾಕಿದವರಿಗೆ ಇನ್ನೊಂದು ಮುಸ್ಲಿಂ ರಾಜ್ಯ ಆಶ್ರಯ ಕೊಟ್ಟಿತು. ಈ ಎರಡೂ ಮಾತುಗಳನ್ನು ಒಟ್ಟಿಗೆ ನೆನಪಿಡಬೇಕು ಎಂದು ನನಗೆ ಅನ್ನಿಸಿತು.

ತಮ್ಮ ದಾವೂದ್ ರತ್ನದ ವ್ಯಾಪಾರಿ. ಮನೆ ನಡೆಯುತ್ತಿದ್ದದ್ದು ಅವರ ದುಡಿಮೆಯಿಂದ. ಅಣ್ಣ ನಿಶ್ಚಿಂತೆಯಿಂದ ಓದಿ ಬರೆಯುತ್ತಿದ್ದರು. ಒಮ್ಮೆ ದಾವೂದ್ ಕೆಂಪು ಸಮುದ್ರದ ಐಧಾಬ್ ಬಂದರಿನಿಂದ ಅಣ್ಣನಿಗೆ ಕಾಗದ ಬರೆದು, ಸರಕು ಸಿಗದ ಕಾರಣ ತಾನು ಹಿಂದೂಸ್ತಾನದ ಕಡೆಗೆ ಹೊರಟಿದ್ದೇನೆ ಎಂದು ತಿಳಿಸಿದರು. ಆ ಕಾಗದ ಇವತ್ತಿಗೂ ಉಳಿದಿದೆ, ದಾವೂದ್ ಮಾತ್ರ ಮರಳಲಿಲ್ಲ. ನಮ್ಮ ಅರಬ್ಬಿ ಕಡಲು ಸೇರಿದ ಹಿಂದೂ ಮಹಾಸಾಗರದಲ್ಲಿ ಹಡಗು ಮುಳುಗಿ ತೀರಿಕೊಂಡರು. ಸ್ವಂತ ಹಣದ ಜೊತೆಗೆ ಬೇರೆಯವರು ನಂಬಿ ಕೊಟ್ಟ ಹಣವೂ ಹೋಯಿತು. ಅಣ್ಣ ಸುಮಾರು ಒಂದು ವರ್ಷ ಜ್ವರ, ದುಃಖಗಳಿಂದ ಹಾಸಿಗೆ ಹಿಡಿದರು. ಎಷ್ಟೋ ವರ್ಷಗಳ ನಂತರವೂ ತಮ್ಮನ ಕೈಬರಹ ಕಂಡರೆ ದುಃಖ ಉಕ್ಕಿ ಬರುತ್ತದೆ ಎಂದು ಒಬ್ಬ ಪರಿಚಿತರಿಗೆ ಬರೆದಿದ್ದಾರೆ. ಇಲ್ಲಿ ನಮ್ಮ ನಾಡಿನ ನೆನಪೂ ಬರುತ್ತದೆ. ದಾವೂದರಿಗಿಂತ ಸ್ವಲ್ಪ ಮುಂಚೆ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಹಲವು ವರ್ಷ ಮಂಗಳೂರಿನಲ್ಲಿದ್ದು ವ್ಯಾಪಾರ ಮಾಡಿದ್ದರು. ಬೆನ್ ಯಿಜು ಅವರ ಕಾಗದಗಳೂ ದಾವೂದರ ಕಾಗದವೂ ಸಿಕ್ಕಿದ್ದು ಒಂದೇ ಕಡೆ, ಫುಸ್ತಾತ್‌ನ ಹಳೆಯ ಸಿನಗಾಗ್‌ನ ಕಾಗದದ ಕೋಣೆಯಲ್ಲಿ.

ಇನ್ನು ಹೊಟ್ಟೆಪಾಡಿಗೆ ಮೂಸಾ ವೈದ್ಯವೃತ್ತಿ ಹಿಡಿದರು. ಸುಲ್ತಾನ್ ಸಲಾಹುದ್ದೀನ್ ಅಯ್ಯೂಬಿಯವರ ಮುಖ್ಯ ಆಡಳಿತಗಾರ ಅಲ್ ಖಾದಿ ಅಲ್ ಫಾದಿಲ್ ಇವರ ಪೋಷಕರಾದರು. ಮುಂದೆ ಸುಲ್ತಾನರ ಮಗ ಅಲ್ ಅಫ್ದಲ್ ಅವರಿಗೂ ಚಿಕಿತ್ಸೆ ಕೊಟ್ಟರು. ದಿನಾ ಬೆಳಿಗ್ಗೆ ಫುಸ್ತಾತ್‌ನಿಂದ ಕೈರೋದ ಅರಮನೆಗೆ ಹೋಗಬೇಕು. ಮಧ್ಯಾಹ್ನ ಮೀರಿ ಹಸಿದು ಮನೆಗೆ ಬಂದರೆ ಅಂಗಳದ ತುಂಬ ಯಹೂದಿಗಳು, ಮುಸ್ಲಿಮರು, ಶ್ರೀಮಂತರು, ಬಡವರು ಕಾಯುತ್ತಿರುತ್ತಿದ್ದರು. ಎರಡು ತುತ್ತು ತಿಂದು, ರಾತ್ರಿಯವರೆಗೆ ರೋಗಿಗಳನ್ನು ನೋಡುತ್ತಿದ್ದರು. ಕೊನೆಕೊನೆಗೆ ಕೂರಲಾಗದೆ ಮಲಗಿಕೊಂಡೇ ಔಷಧಿ ಹೇಳುತ್ತಿದ್ದರಂತೆ.

ಇಷ್ಟರ ನಡುವೆ ಅವರು ಯಹೂದಿ ಧರ್ಮಶಾಸ್ತ್ರವನ್ನೆಲ್ಲ 14 ಭಾಗಗಳಲ್ಲಿ ಹೀಬ್ರೂ ಭಾಷೆಯಲ್ಲಿ ಕ್ರೋಡೀಕರಿಸಿದರು. ಸುಮಾರು 1190ರಲ್ಲಿ ಇನ್ನೊಂದು ಪುಸ್ತಕ ಮುಗಿಸಿದರು. ಅದರ ಹೆಸರು ದಲಾಲತುಲ್ ಹಾಯಿರೀನ್, ಅಂದರೆ ದಾರಿ ತೋಚದೆ ನಿಂತವರಿಗೆ ಮಾರ್ಗದರ್ಶನ. ಭಾಷೆ ಅರಬ್ಬಿ, ಲಿಪಿ ಹೀಬ್ರೂ. ಯೂಸುಫ್ ಎಂಬ ಶಿಷ್ಯ ದೂರದ ಮಗ್ರಿಬ್‌ನಿಂದ ಬಂದು ಅವರಲ್ಲಿ ಗಣಿತ, ಖಗೋಳ, ತರ್ಕ ಕಲಿತು ಹಲಬ್ ನಗರಕ್ಕೆ ಹೋಗಿದ್ದ. ವಿಜ್ಞಾನ ಓದಿದ ಮೇಲೆ ಧರ್ಮಗ್ರಂಥದ ಮಾತುಗಳನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು ಎಂದು ಅವನು ತಳಮಳಗೊಂಡಿದ್ದ. ಅವನಿಗಾಗಿ ಗುರುಗಳು ಅಧ್ಯಾಯದ ಮೇಲೆ ಅಧ್ಯಾಯ ಬರೆದು ಕಳಿಸಿದರು. ಬುದ್ಧಿಯನ್ನು ಬಿಡುವುದೋ, ಧರ್ಮವನ್ನು ಬಿಡುವುದೋ ಎಂಬ ಆಯ್ಕೆಗೆ ಯಾರನ್ನೂ ದೂಡಬಾರದು ಎಂಬುದೇ ಆ ಪುಸ್ತಕದ ಕಾಳಜಿ.

ಹೀಬ್ರೂ ತೋರಾದ ಮೊದಲ ಪುಸ್ತಕದ ಹೆಸರು ಬೆರೇಶೀತ್. ಅದರ ಮೊದಲ ಅಧ್ಯಾಯದಲ್ಲಿ ಸೃಷ್ಟಿಯ ವರ್ಣನೆ ಇದೆ. ಮೊದಲ ದಿನ ಬೆಳಕು. ಎರಡನೆಯ ದಿನ ನೀರುಗಳನ್ನು ಬೇರ್ಪಡಿಸುವ ಆಕಾಶ. ಮೂರನೆಯ ದಿನ ಒಣನೆಲ ಮತ್ತು ಗಿಡಮರ. ನಾಲ್ಕನೆಯ ದಿನ ಸೂರ್ಯ, ಚಂದ್ರ, ನಕ್ಷತ್ರ. ಐದನೆಯ ದಿನ ಮೀನು, ಹಕ್ಕಿ. ಆರನೆಯ ದಿನ ನೆಲದ ಪ್ರಾಣಿಗಳು ಮತ್ತು ಮನುಷ್ಯ. ಏಳನೆಯ ದಿನ ವಿರಾಮ. ಓದಿದ ಯಾರಿಗಾದರೂ ತಕ್ಷಣ ಬರುವ ಪ್ರಶ್ನೆ: ಸೂರ್ಯ ನಾಲ್ಕನೆಯ ದಿನ ಬಂದರೆ ಮೊದಲ ಮೂರು ದಿನಗಳನ್ನು ಎಣಿಸಿದ್ದು ಹೇಗೆ? ಈ ಪ್ರಶ್ನೆಯನ್ನು ನಾಸ್ತಿಕರು ಕಂಡುಹಿಡಿದರು ಎಂದು ನಾನು ತಿಳಿದಿದ್ದೆ. ಆದರೆ ಹಿಂದಿನ ಯಹೂದಿ ಧರ್ಮಗುರುಗಳೇ ಇದನ್ನು ಕೇಳಿಕೊಂಡಿದ್ದರು. ಅವರು ಕೊಟ್ಟ ಒಂದು ಉತ್ತರವನ್ನು ಇಬ್ನ್ ಮೈಮೂನ್ ಒಪ್ಪಿ ವಿವರಿಸುತ್ತಾರೆ. ರೈತ ಒಂದೇ ದಿನ ಬೇರೆ ಬೇರೆ ಬೀಜ ಬಿತ್ತುತ್ತಾನೆ. ಒಂದು ಒಂದು ದಿನಕ್ಕೆ, ಇನ್ನೊಂದು ಎರಡು ದಿನಕ್ಕೆ, ಮತ್ತೊಂದು ಮೂರು ದಿನಕ್ಕೆ ಮೊಳೆಯುತ್ತದೆ. ಹಾಗೆಯೇ ಎಲ್ಲವೂ ಒಟ್ಟಿಗೆ ಸೃಷ್ಟಿಯಾಗಿ, ಒಂದೊಂದಾಗಿ ಬೇರ್ಪಟ್ಟು ಕಾಣಿಸಿಕೊಂಡವು.

ಕಾಲದ ಬಗ್ಗೆ ಅವರು ಹೇಳಿದ್ದು ನನಗೆ ಇನ್ನೂ ಆಶ್ಚರ್ಯ ತಂದಿತು. ಕಾಲ ಎನ್ನುವುದು ಚಲನೆಯನ್ನು ಅವಲಂಬಿಸಿದೆ, ಚಲಿಸುವ ವಸ್ತುವೇ ಇಲ್ಲದಾಗ ಕಾಲವೂ ಇಲ್ಲ. ಆದ್ದರಿಂದ ಕಾಲವೂ ಸೃಷ್ಟಿಯಾದದ್ದೇ. ಸೃಷ್ಟಿಗೆ ಮುಂಚೆ ಎಷ್ಟು ಕಾಲ ಕಳೆದಿತ್ತು ಎಂಬ ಪ್ರಶ್ನೆಯೇ ಸರಿಯಲ್ಲ. ದೇವರು ಹೇಳಿದ ಎಂದರೆ ತುಟಿ ಅಲ್ಲಾಡಿಸಿದ ಎಂದಲ್ಲ, ಇಚ್ಛಿಸಿದ ಎಂದರ್ಥ. ಮನುಷ್ಯನನ್ನು ತನ್ನ ರೂಪದಲ್ಲಿ ಮಾಡಿದ ಎಂದರೆ ಕೈಕಾಲು ಮುಖದ ಹೋಲಿಕೆಯಲ್ಲ, ಅರಿಯುವ ಬುದ್ಧಿ. ಏಳನೆಯ ದಿನದ ವಿರಾಮ ಎಂದರೆ ದಣಿವಲ್ಲ, ಸೃಷ್ಟಿಕಾರ್ಯ ಮುಗಿದು ಜಗತ್ತು ತನ್ನ ನಿಯಮದಲ್ಲಿ ನೆಲೆಗೊಂಡದ್ದು. ಆರು ದಿನಗಳ ಸೃಷ್ಟಿಯಿಂದ ಅಲ್ಲಾಹನಿಗೆ ಆಯಾಸವಾಗಲಿಲ್ಲ ಎಂಬ ಅರ್ಥವನ್ನು ಸೂರಃ ಕಾಫ್‌ನಲ್ಲಿ ಓದಿದ ನಮಗೆ ಈ ಮಾತು ಹತ್ತಿರದ್ದೆನಿಸುತ್ತದೆ.

ಅವರ ಕಾಲದಲ್ಲಿ ವಿಜ್ಞಾನ ಎಂದರೆ ಅರಿಸ್ಟಾಟಲ್. ಜಗತ್ತಿಗೆ ಆರಂಭವೇ ಇಲ್ಲ, ಅದು ಎಂದೆಂದಿಗೂ ಹೀಗೇ ಇದೆ ಎಂಬುದು ಅರಿಸ್ಟಾಟಲ್ ಮತ. ಮೊದಲೇ ಇದ್ದ ಯಾವುದೋ ದ್ರವ್ಯದಿಂದ ಜಗತ್ತು ರೂಪುಗೊಂಡಿತು ಎಂಬುದು ಪ್ಲೇಟೋ ಮತ. ಏನೂ ಇಲ್ಲದ ಸ್ಥಿತಿಯಿಂದ ದೇವರು ಸೃಷ್ಟಿಸಿದ ಎಂಬುದು ಮೂಸಾ ಪ್ರವಾದಿಯವರ ಶರೀಅತ್ತಿನ ಮತ. ಮೂರನ್ನೂ ಮುಂದಿಟ್ಟು ಇಬ್ನ್ ಮೈಮೂನ್ ತೂಗಿ ನೋಡುತ್ತಾರೆ. ತಮ್ಮ ಪಕ್ಷವೇ ಸರಿ ಎಂದು ತೋರಿಸಲು ದುರ್ಬಲ ವಾದಗಳನ್ನು ಬಳಸಿದವರನ್ನು, ಅವರು ಸೃಷ್ಟಿಯ ಪರವಾಗಿಯೇ ವಾದಿಸಿದ್ದರೂ, ಅವರು ಟೀಕಿಸುತ್ತಾರೆ. ಜಗತ್ತು ಅನಾದಿ ಎಂಬುದಕ್ಕೂ ಖಚಿತ ಪುರಾವೆ ಇಲ್ಲ, ಸೃಷ್ಟಿಯಾಯಿತು ಎಂಬುದಕ್ಕೂ ತರ್ಕದ ಖಚಿತ ಪುರಾವೆ ಇಲ್ಲ ಎಂದು ಒಪ್ಪಿಕೊಂಡು, ಸೃಷ್ಟಿಯ ಪಕ್ಷವೇ ಹೆಚ್ಚು ಸಮಂಜಸ ಎಂದು ಕಾರಣ ಕೊಡುತ್ತಾರೆ.

ಅಲ್ಲಿ ಅವರು ಕೊಡುವ ಉದಾಹರಣೆ ನಮ್ಮಂಥ ಜೀವಶಾಸ್ತ್ರದ ವಿದ್ಯಾರ್ಥಿಗಳಿಗೆ ಇಷ್ಟವಾಗುತ್ತದೆ. ಒಬ್ಬ ಹುಡುಗ ತಾಯಿಯನ್ನು ಕಳೆದುಕೊಂಡು ದ್ವೀಪವೊಂದರಲ್ಲಿ ಬೆಳೆಯುತ್ತಾನೆ, ಹೆಣ್ಣನ್ನು ನೋಡಿಯೇ ಇಲ್ಲ. ಮನುಷ್ಯ ತಿಂಗಳುಗಟ್ಟಲೆ ಹೊಟ್ಟೆಯೊಳಗೆ ಬಾಯಿಂದ ತಿನ್ನದೆ, ಮೂಗಿಂದ ಉಸಿರಾಡದೆ ಬೆಳೆದು ಹೊರಬರುತ್ತಾನೆ ಎಂದರೆ ಅವನು ನಂಬುವುದಿಲ್ಲ. ಈಗ ಕಾಣುವ ನಿಯಮದಿಂದ ಆರಂಭವನ್ನು ಅಳೆಯುವುದು ಅವನ ತಪ್ಪು. ಪೂರ್ತಿಯಾಗಿ ಬೆಳೆದ ಜಗತ್ತನ್ನು ನೋಡಿ ಅದು ಹುಟ್ಟಿದ ಬಗೆಯನ್ನು ತೀರ್ಮಾನಿಸುವುದೂ ಅಂಥದ್ದೇ ಎಂದು ಅವರ ವಾದ.

ಅವರ ಬದುಕಿನಲ್ಲಿ ನನ್ನನ್ನು ಹೆಚ್ಚು ತಟ್ಟಿದ್ದು ಇನ್ನೊಂದು ಮಾತು. ಜಗತ್ತು ಅನಾದಿ ಎಂಬುದನ್ನು ತಾನು ತಿರಸ್ಕರಿಸುವುದು ತೋರಾದ ಅಕ್ಷರಕ್ಕೆ ಅಂಟಿಕೊಂಡದ್ದರಿಂದ ಅಲ್ಲ ಎಂದು ಅವರು ಸ್ಪಷ್ಟವಾಗಿ ಬರೆಯುತ್ತಾರೆ. ದೇವರಿಗೆ ಕೈ, ಕಣ್ಣು ಇವೆ ಎನ್ನುವಂಥ ಮಾತುಗಳನ್ನು ಅವರು ಆಗಲೇ ರೂಪಕವಾಗಿ ವಿವರಿಸಿದ್ದರು, ಇದನ್ನೂ ಹಾಗೆ ವಿವರಿಸಬಹುದಿತ್ತು. ಪ್ಲೇಟೋ ಮತಕ್ಕೆ ನಿಜವಾದ ಪುರಾವೆ ಸಿಕ್ಕರೆ ಅದರಂತೆ ಅರ್ಥ ಹೇಳಲು ಅಡ್ಡಿಯಿಲ್ಲ ಎನ್ನುತ್ತಾರೆ. ಪುರಾವೆ ಇಲ್ಲದಿರುವಾಗ ಮಾತ್ರ ಗ್ರಂಥದ ನೇರ ಅರ್ಥವನ್ನು ಬಿಡಬೇಕಾಗಿಲ್ಲ. ಅಂದರೆ ಪುರಾವೆಗೆ ಹೆದರುವ ಅಗತ್ಯವಿಲ್ಲ, ಪುರಾವೆ ಇಲ್ಲದ್ದಕ್ಕೆ ತಲೆಬಾಗುವ ಅಗತ್ಯವೂ ಇಲ್ಲ.

ಎಲ್ಲ ಯಹೂದಿ ವಿದ್ವಾಂಸರೂ ಇದನ್ನು ಒಪ್ಪಲಿಲ್ಲ. ಅವರಿಗಿಂತ ಮುಂಚೆ ಫ್ರಾನ್ಸಿನ ರಾಶಿ ಎಂಬ ವ್ಯಾಖ್ಯಾನಕಾರರು, ನೀರು ಯಾವಾಗ ಸೃಷ್ಟಿಯಾಯಿತು ಎಂದೇ ಹೇಳದಿರುವಾಗ ಮೊದಲ ವಾಕ್ಯ ಸೃಷ್ಟಿಯ ಅನುಕ್ರಮವನ್ನು ತಿಳಿಸಲು ಬಂದದ್ದಲ್ಲ ಎಂದಿದ್ದರು. ನಂತರ ಬಂದ ಸ್ಪೇನಿನ ನಹ್ಮಾನಿಡೀಸ್, ಆರು ದಿನಗಳು ನಿಜವಾದ ದಿನಗಳೇ ಎಂದರು. ಇಬ್ನ್ ಮೈಮೂನ್ ತೀರಿಕೊಂಡ ಮೇಲೆ, 1232ರ ಸುಮಾರಿಗೆ, ಫ್ರಾನ್ಸಿನ ಕೆಲವು ರಬ್ಬಿಗಳು ಅವರ ಪುಸ್ತಕವನ್ನೇ ಬಹಿಷ್ಕರಿಸಿದರು. ಅವರೂ ಎಲ್ಲವನ್ನೂ ಬಿಚ್ಚಿ ಹೇಳಿದವರಲ್ಲ. ಸೃಷ್ಟಿಯ ರಹಸ್ಯವನ್ನು ಗುಂಪಿನಲ್ಲಿ ಬೋಧಿಸಬಾರದು ಎಂಬ ಹಳೆಯ ಯಹೂದಿ ನಿಯಮಕ್ಕೆ ಕಟ್ಟುಬಿದ್ದು, ಹಲವು ಕಡೆ ಬೇಕೆಂದೇ ಮುಚ್ಚಿಟ್ಟು ಬರೆದರು. ಅವರ ನಿಜವಾದ ಅಭಿಪ್ರಾಯ ಏನು ಎಂದು ಇಂದಿಗೂ ಪಂಡಿತರು ಜಗಳವಾಡುತ್ತಾರೆ. ಅವರು ನಂಬಿದ್ದ ನಾಲ್ಕು ಧಾತುಗಳ, ಭೂಮಿ ಕೇಂದ್ರದಲ್ಲಿರುವ ವಿಜ್ಞಾನವೂ ಈಗ ಬಿದ್ದುಹೋಗಿದೆ.

1204ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಸಮಾಧಿ ತಿಬೇರಿಯಾದಲ್ಲಿದೆ ಎಂಬುದು ಯಹೂದಿಗಳ ನಂಬಿಕೆ. ಮಗ ಇಬ್ರಾಹಿಂ ಕೂಡ ಕೈರೋದಲ್ಲಿ ವೈದ್ಯರಾದರು. ಮುಸ್ಲಿಂ ಚರಿತ್ರೆಕಾರರಾದ ಇಬ್ನುಲ್ ಖಿಫ್ತಿ ಮತ್ತು ಇಬ್ನ್ ಅಬೀ ಉಸೈಬಿಯಾ ತಮ್ಮ ಗ್ರಂಥಗಳಲ್ಲಿ ಇವರ ಜೀವನವನ್ನು ದಾಖಲಿಸಿದರು.

ಇಷ್ಟನ್ನು ಓದಿ ಮತ್ತೆ ಮೇಡಂ ಬಳಿ ಹೋದೆ. ಉತ್ತರ ಸಿಕ್ಕಿತೇ ಎಂದು ಕೇಳಿದರು. ಪೂರ್ತಿ ಸಿಕ್ಕಿಲ್ಲ, ಆದರೆ ಪ್ರಶ್ನೆ ಕೇಳಿದ್ದು ತಪ್ಪಲ್ಲ ಎಂದು ಗೊತ್ತಾಯಿತು ಎಂದೆ. ವಿಕಾಸದ ಪಾಠವನ್ನು ಈಗ ಅಂಕಕ್ಕಾಗಿ ಮಾತ್ರ ಓದುತ್ತಿಲ್ಲ, ಅದರ ಪುರಾವೆಗಳು ಯಾವುವು, ಎಷ್ಟು ಗಟ್ಟಿ ಎಂದು ನೋಡುತ್ತಾ ಓದುತ್ತಿದ್ದೇನೆ. ರಜೆಗೆ ಊರಿಗೆ ಹೋದಾಗ ನಾನಿಗೂ ರೈತನ ಬೀಜದ ಕಥೆ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಆ ವೈದ್ಯರ ತಮ್ಮನ ಹೆಂಡತಿ ಮಕ್ಕಳನ್ನು ಆಮೇಲೆ ಯಾರು ನೋಡಿಕೊಂಡರು ಎಂದು ಕೇಳಿದರು. ಅಣ್ಣನೇ ನೋಡಿಕೊಂಡರು ನಾನಿ ಎಂದೆ. ಹಾಗಾದರೆ ಒಳ್ಳೆಯವರೇ, ಅವರ ಮಾತು ಕೇಳಬಹುದು ಎಂದರು.