ಕುದುರೆಯನ್ನೇರಿ ಬಂದ ಸೂಲಗಿತ್ತಿ: ಮೇರಿ ಬ್ರೆಕಿನ್‌ರಿಡ್ಜ್ ಅಮ್ಮನವರ ಚರಿತ್ರೆ

ಐಗುಪ್ತದೇಶದಲ್ಲಿ ಅರಸನಿಗಿಂತಲೂ ದೇವರಿಗೆ ಹೆಚ್ಚಾಗಿ ಭಯಪಟ್ಟು ಇಬ್ರಿಯರ ಕೂಸುಗಳನ್ನು ಉಳಿಸಿದ ಸೂಲಗಿತ್ತಿಯರ ಕಥೆಯನ್ನು ನೀವೆಲ್ಲರೂ ಬಲ್ಲಿರಿ. ಅವರಂತೆಯೇ ಬಡ ತಾಯಂದಿರಿಗಾಗಿ ತನ್ನ ಜೀವಮಾನವನ್ನು ಸವೆಯಿಸಿದ ಅಮೇರಿಕಾ ದೇಶದ ಒಬ್ಬ ಸ್ತ್ರೀಯ ಚರಿತ್ರೆಯನ್ನು ಈ ಸಾರಿ ಸಂಕ್ಷೇಪವಾಗಿ ಹೇಳುತ್ತೇವೆ.

ಮೇರಿ ಬ್ರೆಕಿನ್‌ರಿಡ್ಜ್ ಅಮ್ಮನವರು 1881ನೆಯ ಇಸವಿಯಲ್ಲಿ ಮೆಂಫಿಸ್ ಪಟ್ಟಣದ ಹೆಸರಾಂತ ಮನೆತನವೊಂದರಲ್ಲಿ ಹುಟ್ಟಿದರು. 1906ರಲ್ಲಿ ಪತಿಯು ತೀರಿಹೋಗಲು, ಅವರು ನ್ಯೂಯಾರ್ಕಿನಲ್ಲಿ ದಾದಿಯ ವಿದ್ಯೆಯನ್ನು ಕಲಿತು 1910ರಲ್ಲಿ ತೇರ್ಗಡೆಯಾದರು. ತರುವಾಯ ಮರುಮದುವೆಯಾದರು. 1916ರಲ್ಲಿ ದಿನ ತುಂಬದೆ ಹುಟ್ಟಿದ ಹೆಣ್ಣು ಕೂಸು ಕೆಲವು ಗಳಿಗೆಗಳಲ್ಲಿಯೇ ಅಗಲಿತು. 1918ರಲ್ಲಿ ನಾಲ್ಕು ವರುಷದ ಮಗನೂ ಮಣ್ಣು ಸೇರಿದನು. ಬರಿದಾದ ಮಡಿಲನ್ನು ನೋಡಿಕೊಂಡು ಅಳುತ್ತಾ ಕೂಡದೆ, ಪರರ ಮಕ್ಕಳನ್ನು ಉಳಿಸುವುದೇ ತನ್ನ ಕೆಲಸವೆಂದು ಅವರು ನಿಶ್ಚಯಿಸಿಕೊಂಡರು.

ಮಹಾಯುದ್ಧವು ಮುಗಿದ ಮೇಲೆ ಫ್ರಾನ್ಸ್ ದೇಶದಲ್ಲಿ ಸೇವೆ ಮಾಡುತ್ತಿರುವಾಗ, ದಾದಿಯ ವಿದ್ಯೆಯೊಡನೆ ಸೂಲಗಿತ್ತಿಯ ವಿದ್ಯೆಯನ್ನೂ ಕಲಿತವರ ಪ್ರಯೋಜನವನ್ನು ಅವರು ಕಂಡರು. ಆದಕಾರಣ ನಲವತ್ತು ದಾಟಿದ ವಯಸ್ಸಿನಲ್ಲಿ ಲಂಡನಿಗೆ ಹೋಗಿ ಆ ವಿದ್ಯೆಯನ್ನು ಕಲಿತು, 1925ರಲ್ಲಿ ಕೆಂಟಕಿ ಸೀಮೆಯ ಬೆಟ್ಟಗಾಡಿನಲ್ಲಿ ತಮ್ಮ ಕೆಲಸವನ್ನು ಆರಂಭಿಸಿದರು. 1928ರಿಂದ ಅದಕ್ಕೆ ಫ್ರಾಂಟಿಯರ್ ನರ್ಸಿಂಗ್ ಸರ್ವಿಸ್ ಎಂಬ ಹೆಸರಾಯಿತು.

ಅಲ್ಲಿ ಮೋಟಾರು ಹೋಗುವ ರಸ್ತೆಯಿರಲಿಲ್ಲ. ದಾದಿಯರು ಕುದುರೆಯನ್ನೇರಿ, ಹೊಳೆಗಳನ್ನು ದಾಟಿ, ಬಸುರಿಯರ ಮನೆಗೇ ಹೋಗಿ ಹೆರಿಗೆ ಮಾಡಿಸುತ್ತಿದ್ದರು. ಕಷ್ಟದ ಹೆರಿಗೆಗಳಿಗಾಗಿ 1928ರಲ್ಲಿ ಹೈಡನ್ ಎಂಬಲ್ಲಿ ಆಸ್ಪತ್ರೆಯನ್ನು ತೆರೆದರು. ಹೆರಿಗೆಗೆ 5 ಡಾಲರು, ಮನೆಗೆ ವರುಷಕ್ಕೆ 1 ಡಾಲರು, ಇಷ್ಟೇ ಸಲ್ಲಿಕೆ. ಹಣವಿಲ್ಲದವರು ಮೇವನ್ನಾಗಲಿ ಮೈದುಡಿಮೆಯನ್ನಾಗಲಿ ಕೊಡಬಹುದಾಗಿತ್ತು. ಉಳಿದ ವೆಚ್ಚವನ್ನು ಪಟ್ಟಣಗಳ ಧರ್ಮವಂತರು ಹೊತ್ತರು. 1932ರಲ್ಲಿ ದೊಡ್ಡದೊಂದು ಜೀವವಿಮೆ ಕಂಪನಿಯ ಲೆಕ್ಕಿಗರು ಮೊದಲ ಸಾವಿರ ಹೆರಿಗೆಗಳ ದಾಖಲೆಯನ್ನು ಪರೀಕ್ಷಿಸಿ, ದೇಶದ ಇತರ ತಾಯಂದಿರಿಗಿಂತ ಈ ಬಡ ತಾಯಂದಿರಲ್ಲಿ ಮರಣವು ಬಹಳ ಕಡಿಮೆಯೆಂದು ಕಂಡುಕೊಂಡರು.

1931ರಲ್ಲಿ ಕುದುರೆಯಿಂದ ಬಿದ್ದು ಬೆನ್ನೆಲುಬು ಮುರಿದರೂ ಅಮ್ಮನವರು ಕೆಲಸವನ್ನು ಬಿಡಲಿಲ್ಲ. 1939ರಲ್ಲಿ ಯುದ್ಧದ ನಿಮಿತ್ತ ಬ್ರಿಟಿಷ್ ದಾದಿಯರು ಸ್ವದೇಶಕ್ಕೆ ಮರಳಲು, ಅಲ್ಲಿಯೇ ಸೂಲಗಿತ್ತಿಯರ ಪಾಠಶಾಲೆಯನ್ನು ಸ್ಥಾಪಿಸಿದರು. ಆದರೆ ಒಂದು ಕುಂದನ್ನು ಮರೆಮಾಚಲಾರೆವು: ಕರಿಯರಾದ ದಾದಿಯರನ್ನು ಅವರು ತಮ್ಮ ಕೆಲಸಕ್ಕೆ ಸೇರಿಸಿಕೊಳ್ಳಲಿಲ್ಲ. ದೇವರು ಮುರಿದ ಪಾತ್ರೆಯಿಂದಲೂ ನೀರೆರೆಯುತ್ತಾನೆ. ಆದರೂ ಬಿರುಕು ಬಿರುಕೇ. ಹುಟ್ಟಿನ ನಿಮಿತ್ತ ಬಾಗಿಲ ಹೊರಗೆ ನಿಂತ ನೋವನ್ನು ಬಲ್ಲ ನಾವು ಇದನ್ನು ಮರೆಯಬಾರದು.

1965ನೆಯ ಇಸವಿ ಮೇ 16ರಂದು ಅವರು ನಿದ್ರೆಹೋದರು. ಅದೇ ಜುಲೈ 30ರಂದು ಬಡವರ ವೈದ್ಯವೆಚ್ಚವನ್ನು ಸರಕಾರವೇ ಹೊರುವ ಮೆಡಿಕೇಡ್ ಎಂಬ ವಿಮೆಯ ಕಾಯಿದೆಗೆ ಅಂಕಿತವಾಯಿತು. ದಾದಿ-ಸೂಲಗಿತ್ತಿಯರ ಸೇವೆಗೂ ಅದರಿಂದ ಹಣ ಸಲ್ಲತಕ್ಕದ್ದೆಂದು 1980ರಲ್ಲಿ ಕಾಯಿದೆಯಾಯಿತು. ಹೀಗೆ ಒಬ್ಬ ತಾಯಿಯ ಕಣ್ಣೀರಿನಿಂದ ಮೊಳೆತ ಧರ್ಮವು ದೇಶದ ಹೊಣೆಯೂ ಆಯಿತು.

ಸಭೆಯವರೇ, ಪ್ರಸವವೇದನೆಯು ಹಣದ ಚೀಲವನ್ನು ನೋಡಿ ಬರುವುದಿಲ್ಲ. ಕಲಿತ ಕೈಗಳೂ ಹಣವನ್ನು ನೋಡಿ ಬರಬಾರದು. ಒಬ್ಬರಿಗೆ ಭಾರವಾದದ್ದು ಊರೆಲ್ಲಾ ಹೊತ್ತರೆ ಹಗುರವಾಗುವದು. ನಾವು ಕೂಡಿಸುವ ಹಿಡಿಯಕ್ಕಿಯ ಕಾಣಿಕೆಯಲ್ಲಿ ಒಂದು ಪಾಲನ್ನು ಬಸುರಿಯರ ಗಾಡಿಖರ್ಚಿಗೂ ಬಾಣಂತಿಯರ ಆರೈಕೆಗೂ ತೆಗೆದಿಡೋಣ. ಬೆತ್ಲೆಹೇಮಿನಲ್ಲಿ ಸ್ಥಳವಿಲ್ಲದೆ ಗೋದಲಿಯಲ್ಲಿ ಮಲಗಿದ ಕರ್ತನು ಅದನ್ನು ತನಗೇ ಮಾಡಿದ್ದೆಂದು ಎಣಿಸುವನು.