ಚಿಟ್ಟೆಗಳ ಲಾಭ ನಷ್ಟದ ಲೆಕ್ಕ ಬರೆದ ಫ್ರಿಟ್ಜ್ ಮ್ಯೂಲರ್

ಮಳೆಗಾಲ ಹಿಂದೆ ಸರಿಯುತ್ತಿದ್ದಂತೆ ಠಾಣೆ ಪೂರ್ವದ ನಮ್ಮ ಕೋಪರಿಯಲ್ಲಿ ಎಕ್ಕದ ಗಿಡಗಳ ಸುತ್ತ ಕೇಸರಿ ಮೈಯ, ಕಪ್ಪು ಅಂಚಿನ ಚಿಟ್ಟೆಗಳು ನಿಧಾನವಾಗಿ ಸುಳಿದಾಡುವುದನ್ನು ಓದುಗರು ಕಂಡಿರಬಹುದು. ಇದರ ಹೆಸರು ಪ್ಲೇನ್ ಟೈಗರ್. ಮರಿಹುಳುವಾಗಿದ್ದಾಗ ಎಕ್ಕದ ಎಲೆ ತಿಂದು ಅದರ ವಿಷಾಂಶವನ್ನು ಮೈಗೂಡಿಸಿಕೊಳ್ಳುವುದರಿಂದ ಇದು ಹಕ್ಕಿಗಳಿಗೆ ರುಚಿಸದು. ಯೇವೂರಿನ ಕಾಡಿನತ್ತ ಹೋದರೆ ಇದನ್ನೇ ಹೋಲುವ, ರೆಕ್ಕೆಯ ಮೇಲೆ ಕಪ್ಪು ಗೆರೆಗಳಿರುವ ಸ್ಟ್ರೈಪ್ಡ್ ಟೈಗರ್ ಕಾಣಸಿಗುತ್ತದೆ. ಅದೂ ವಿಷಕಾರಿಯೇ. ತಮ್ಮದೇ ರಕ್ಷಣೆಯುಳ್ಳ ಎರಡು ಜಾತಿಗಳು ಒಂದೇ ಬಗೆಯ ಉಡುಪು ತೊಡುವುದೇಕೆ? ಈ ಪ್ರಶ್ನೆಗೆ ಉತ್ತರ ಕಂಡುಕೊಂಡವರು ಬ್ರೆಜಿಲಿನ ಕಾಡಂಚಿನಲ್ಲಿ ಬಾಳಿದ ಫ್ರಿಟ್ಜ್ ಮ್ಯೂಲರ್.

1822ರ ಮಾರ್ಚ್ 31ರಂದು ಜರ್ಮನಿಯ ಎರ್ಫುರ್ಟ್ ನಗರದ ಸಮೀಪ ಪಾದ್ರಿಯೊಬ್ಬರ ಮಗನಾಗಿ ಜನಿಸಿದ ಮ್ಯೂಲರ್, 1844ರಲ್ಲಿ ಬರ್ಲಿನ್‌ನಲ್ಲಿ ಡಾಕ್ಟರೇಟ್ ಪಡೆದು, ಬಳಿಕ ಗ್ರೈಫ್ಸ್‌ವಾಲ್ಡ್‌ನಲ್ಲಿ ವೈದ್ಯಶಾಸ್ತ್ರ ಓದಿದರು. ಪದವಿ ಕೈಗೆ ಬರಬೇಕಾದರೆ ದೇವರ ಹೆಸರಿನಲ್ಲಿ ಪ್ರಮಾಣ ಮಾಡಬೇಕಿತ್ತು. ತಾವು ನಂಬದ ಮಾತನ್ನು ಆಡಲು ಅವರು ಒಪ್ಪಲಿಲ್ಲ. ಹೀಗಾಗಿ ಅವರು ವೈದ್ಯರಾಗಲಿಲ್ಲ. 1852ರಲ್ಲಿ ಪತ್ನಿ ಹಾಗೂ ತಮ್ಮನೊಡನೆ ಹಡಗು ಹತ್ತಿ, ಬ್ರೆಜಿಲಿನ ಬ್ಲೂಮೆನೌ ಎಂಬ ಹೊಸ ವಸಾಹತಿಗೆ ಬಂದು, ಕಾಡು ಕಡಿದು ಕೃಷಿಗೆ ತೊಡಗಿದರು. ಊರು ಬಿಟ್ಟು ಬಂದು ಪರನಾಡಿನಲ್ಲಿ ಮನೆ ಕಟ್ಟಿದ ನಮ್ಮ ಹಿರಿಯರ ಬವಣೆಯನ್ನು ಬಲ್ಲವರಿಗೆ ಆ ಬದುಕನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

1856ರಿಂದ ಡೆಸ್ಟೆರೊ ಎಂಬ ಕಡಲತೀರದ ಊರಿನಲ್ಲಿ ಅಧ್ಯಾಪಕರಾಗಿ ದುಡಿಯುತ್ತಾ ಅವರು ಸೀಗಡಿ, ಏಡಿಗಳ ಬೆಳವಣಿಗೆಯನ್ನು ಪರಿಶೀಲಿಸಿದರು. ಡಾರ್ವಿನ್ನರ ವಿಕಾಸವಾದವನ್ನು ಸಮರ್ಥಿಸುವ ಅವರ ಪುಸ್ತಕ 1864ರಲ್ಲಿ ಪ್ರಕಟವಾಯಿತು. ಅದನ್ನು ಮೆಚ್ಚಿದ ಡಾರ್ವಿನ್ನರೇ ಮುತುವರ್ಜಿ ವಹಿಸಿ 1869ರಲ್ಲಿ ಇಂಗ್ಲಿಷಿಗೆ ತರಿಸಿದರು. ಒಮ್ಮೆಯೂ ಭೇಟಿಯಾಗದ ಈ ಇಬ್ಬರ ಪತ್ರ ಮೈತ್ರಿ 1882ರಲ್ಲಿ ಡಾರ್ವಿನ್ನರು ತೀರಿಕೊಳ್ಳುವವರೆಗೂ ಮುಂದುವರಿಯಿತು.

ಚಿಟ್ಟೆಗಳ ಹೋಲಿಕೆಗೆ ಅದಾಗಲೇ ಒಂದು ವಿವರಣೆಯಿತ್ತು. ನಿರುಪದ್ರವಿ ಚಿಟ್ಟೆ ವಿಷಕಾರಿಯ ವೇಷ ತೊಟ್ಟು ಬದುಕುಳಿಯುತ್ತದೆಂದು ಹೆನ್ರಿ ಬೇಟ್ಸ್ 1862ರಲ್ಲಿ ತಿಳಿಸಿದ್ದರು. ನಾವು ಪಲ್ಯಕ್ಕೆ ಬಳಸುವ ಗೋಣಿಸೊಪ್ಪನ್ನು ತಿಂದು ಬೆಳೆಯುವ ಡೇನೈಡ್ ಎಗ್‌ಫ್ಲೈ ಎಂಬ ಚಿಟ್ಟೆಯ ಹೆಣ್ಣು ಪ್ಲೇನ್ ಟೈಗರನ್ನು ಹೋಲುವುದು ಹೀಗೆಯೇ. ಆದರೆ ಇಬ್ಬರೂ ವಿಷಕಾರಿಗಳಾದಾಗ ಯಾರು ಯಾರ ವೇಷ ಹಾಕಿದಂತಾಯಿತು?

1879ರ ಲೇಖನದಲ್ಲಿ ಮ್ಯೂಲರ್ ಇದನ್ನು ಲೆಕ್ಕದಿಂದಲೇ ಬಿಡಿಸಿದರು. ಎಳೆಯ ಹಕ್ಕಿಗೆ ಯಾವ ಚಿಟ್ಟೆ ಕಹಿಯೆಂಬುದು ಹುಟ್ಟಿನಿಂದಲೇ ತಿಳಿದಿರುವುದಿಲ್ಲ. ಕಚ್ಚಿ ನೋಡಿಯೇ ಕಲಿಯಬೇಕು. ಆ ಪಾಠಕ್ಕೆ 1200 ಚಿಟ್ಟೆಗಳು ಬಲಿಯಾಗಬೇಕೆಂದು ಇಟ್ಟುಕೊಳ್ಳೋಣ. ಒಂದು ಜಾತಿಯಲ್ಲಿ 10,000, ಮತ್ತೊಂದರಲ್ಲಿ 2,000 ಚಿಟ್ಟೆಗಳಿವೆ. ಬಣ್ಣ ಬೇರೆಯಾದರೆ ಎರಡೂ 1200ರಂತೆ ಕಳೆದುಕೊಳ್ಳುತ್ತವೆ. ಬಣ್ಣ ಒಂದೇ ಆದರೆ ನಷ್ಟ ಹಂಚಿಹೋಗಿ ದೊಡ್ಡದಕ್ಕೆ 1000, ಚಿಕ್ಕದಕ್ಕೆ 200 ಮಾತ್ರ. ದೊಡ್ಡದು ತನ್ನ ಸಂಖ್ಯೆಯ ಶೇಕಡ 2ರಷ್ಟನ್ನು ಉಳಿಸಿಕೊಂಡರೆ ಚಿಕ್ಕದು ಶೇಕಡ 50ರಷ್ಟನ್ನು ಉಳಿಸಿಕೊಳ್ಳುತ್ತದೆ. ಬ್ಯಾಂಕಿನ ಲೆಡ್ಜರುಗಳ ನಡುವೆಯೇ ವಯಸ್ಸು ಕಳೆದ ನಮಗೆ, ಯಾರಿಗೂ ನಷ್ಟವಿಲ್ಲದ, ದುರ್ಬಲರಿಗೆ ಹೆಚ್ಚು ಲಾಭವಿರುವ ಇಂಥ ಖಾತೆ ಅಪರೂಪವೆನಿಸುತ್ತದೆ. ಜೀವವಿಜ್ಞಾನದಲ್ಲಿ ಗಣಿತವನ್ನು ಹೀಗೆ ಬಳಸಿದ ಮೊದಮೊದಲ ಪ್ರಯತ್ನಗಳಲ್ಲಿ ಇದೂ ಒಂದು. ಇಂದು ಇದಕ್ಕೆ ಮ್ಯೂಲರ್ ಅನುಕರಣೆ ಎಂದೇ ಹೆಸರು.

1880ರ ಪ್ರವಾಹ ಅವರ ಮನೆಗೆ ನುಗ್ಗಿದಾಗ ಡಾರ್ವಿನ್ನರು ಹಣದ ನೆರವು ನೀಡಲು ಮುಂದಾದರು. ಮ್ಯೂಲರ್ ಅದನ್ನು ಸ್ವೀಕರಿಸಲಿಲ್ಲ. 1876ರಿಂದ ರಿಯೊ ಡಿ ಜನೈರೊದ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕಾಗಿ ದುಡಿದ ಅವರು, ರಾಜಧಾನಿಗೆ ಬಂದು ನೆಲೆಸಬೇಕೆಂಬ ಆದೇಶವನ್ನು ಒಪ್ಪದೆ 1891ರಲ್ಲಿ ಆ ಕೆಲಸವನ್ನೂ ಕಳೆದುಕೊಂಡರು. 1897ರ ಮೇ 21ರಂದು ಬ್ಲೂಮೆನೌನಲ್ಲೇ ನಿಧನರಾದರು. ಅವರ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ.

ಒಂದೇ ಉಡುಪು ತೊಡುವುದರ ಲಾಭವನ್ನು ಲೋಕಕ್ಕೆ ತಿಳಿಸಿದ ಈ ವ್ಯಕ್ತಿ, ತಾವು ಮಾತ್ರ ಪರರ ಮಾತಿನ ಉಡುಪನ್ನು ತೊಡಲು ಒಪ್ಪಲಿಲ್ಲ; ಅದರ ನಷ್ಟವನ್ನು ಒಬ್ಬರೇ ಭರಿಸಿದರು. ಮುಂದಿನ ಬಾರಿ ಎಕ್ಕದ ಗಿಡವನ್ನು ಕಳೆಯೆಂದು ಕೀಳಿಸುವ ಮುನ್ನ ನಾವು ಅವರನ್ನೊಮ್ಮೆ ನೆನೆಯೋಣ.